ಮೇಸ್ತ್ರಿ ಇಲ್ಲದೆ ಹಳೆ ಮನೆ ಬಿಚ್ಚಿದ್ದು: ನನ್ನ ಅನುಭವ

ಹಳೆ ಮನೆ ಬಿಚ್ಚಿ ಅದರ ಸಾಮಾನು ಮಾರೋದು ನನ್ನ ಕಸುಬು. ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆ ಒಂದು ಚೌಕಿ ಮನೆ (ನಡುವೆ ಅಂಗಳ ಇರುವ ಹಳೆ ಮನೆ) ಬಿಚ್ಚಿ ಪೂರ್ತಿ ಖಾಲಿ ಮಾಡಿಕೊಟ್ಟೆ. 22 ದಿನ, 9 ಜನ. ಒಬ್ಬರೂ ಮೇಸ್ತ್ರಿ, ಅಂದರೆ ಕೂಲಿ ಜನ ತಂದುಕೊಡುವ ದಲ್ಲಾಳಿ, ಕೈಕೆಳಗಿನವರಲ್ಲ, ಒಬ್ಬರ ತಲೆ ಮೇಲೂ 2,000ಕ್ಕಿಂತ ಜಾಸ್ತಿ ಮುಂಗಡ ಇಲ್ಲ. "ಅಡ್ವಾನ್ಸ್ ಕೊಡದೆ ಈ ಲೈನಲ್ಲಿ ಜನ ಸಿಗ್ತಾರಾ ಮಾರಾಯ, ಮುಳುಗಿ ಹೋಗ್ತೀಯ" ಅಂತ ಶಿವಮೊಗ್ಗದ ಮೂರು ನಾಲ್ಕು ಹಳೆ ಸಾಮಾನಿನವರು ಬುದ್ಧಿ ಹೇಳಿದ್ದರು. ಅವರಲ್ಲೇ ಇಬ್ಬರು ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಂಚು ಇಳಿಸೋದು, ತೊಲೆ ಬಿಚ್ಚೋದು, ಬೀಟೆ ಸಾಗುವಾನಿಗೆ ಅರಣ್ಯ ಇಲಾಖೆ ಪಾಸ್ ಮಾಡಿಸೋದು ಎಲ್ಲ ನಿಮಗೆ ಗೊತ್ತೇ ಇದೆ. ಇದು ಬರೀ ಜನರ ವಿಷಯ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆರೇಳು ವರ್ಷದ ಹಿಂದೆ ಸಾಗರದ ಹತ್ತಿರ ಒಂದು ಮನೆ ಹಿಡಿದಿದ್ದೆ. ಅಡಕೆ ಕೊಯ್ಲಿನ ಸಮಯ, ಊರಿನ ಒಂದು ಆಳೂ ಸಿಗುತ್ತಿರಲಿಲ್ಲ. ಬಯಲುಸೀಮೆಯಿಂದ 8 ಜನ ಕರೆತರುತ್ತೇನೆ ಅಂತ ಒಬ್ಬ ಮೇಸ್ತ್ರಿ 40,000 ಮುಂಗಡ ತಗೊಂಡ. ಜನ ಬಂದರು, ಕೆಲಸವೂ ಚೆನ್ನಾಗಿಯೇ ಆಯಿತು. ತಲೆಗೆ ದಿನಕ್ಕೆ 600ರಂತೆ ಎಲ್ಲರ ಕೂಲಿಯನ್ನೂ ಮೇಸ್ತ್ರಿ ಕೈಗೇ ಎಣಿಸುತ್ತಿದ್ದೆ. ನನಗೂ ಅದೇ ಸುಲಭ, ಅಲ್ವಾ?

ಒಂದು ಸಂಜೆ ಮೇಸ್ತ್ರಿ ಅಂಗಿ ಕಳಚಿ ಗೂಟಕ್ಕೆ ನೇತು ಹಾಕಿ ಹೊಳೆಗೆ ಹೋಗಿದ್ದ. ಅಂಗಿ ಕೆಳಗೆ ಬಿತ್ತು. ಎತ್ತಿಡೋಣ ಅಂತ ಹೋದರೆ ಜೇಬಿನಿಂದ ಒಂದು ಕಟ್ಟು ಜಾರಿತು, ರಬ್ಬರ್ ಬ್ಯಾಂಡ್ ಹಾಕಿದ ಆಧಾರ್ ಕಾರ್ಡುಗಳು. ಎಂಟೂ ಇದ್ದವು. ಹೆಂಚು ಜೋಡಿಸುತ್ತಿದ್ದ ಹುಡುಗ, ಹತ್ತೊಂಬತ್ತು ಇಪ್ಪತ್ತು ಇರಬಹುದು, ನನ್ನನ್ನೇ ನೋಡುತ್ತಿದ್ದ. ಆಚೆ ಈಚೆ ನೋಡಿ ಮೆಲ್ಲಗೆ ಕೇಳಿದ: "ಅಣ್ಣಾರ, ನನ್ನ ಬಾಕಿ ಇನ್ನಾ ಎಷ್ಟೈತ್ರಿ?" ಅಕ್ಕನ ಮದುವೆಗೆ ಅಂತ ಮೇಸ್ತ್ರಿಯಿಂದ ತಗೊಂಡಿದ್ದು 15,000. ಎರಡು ವರ್ಷ ದುಡಿದ ಮೇಲೆ ಬಾಕಿ 18,000 ಆಗಿತ್ತು! ಊಟ, ಬಸ್ಸು, ಜ್ವರದ ಮಾತ್ರೆ ಎಲ್ಲ ಅವನ ಲೆಕ್ಕಕ್ಕೇ. ಕೈಗೆ ಸಿಗುತ್ತಿದ್ದದ್ದು ವಾರಕ್ಕೆ 300. ಊರ ಜಾತ್ರೆಗೂ ಬಿಟ್ಟಿರಲಿಲ್ಲ.

ಯಾರೂ ಹೊಡೆಯುತ್ತಿರಲಿಲ್ಲ, ಕೂಡಿ ಹಾಕಿರಲಿಲ್ಲ. ಹಾಗಾಗಿ ಇದು ಜೀತ ಅಂತ ನನಗೆ ಹೊಳೆದೇ ಇರಲಿಲ್ಲ. ಪರಿಚಯದ ವಕೀಲರು 1976ರ ಜೀತ ಪದ್ಧತಿ ರದ್ದತಿ ಕಾನೂನು ತೋರಿಸಿದರು. ಮುಂಗಡ ಕೊಟ್ಟು, ಅದು ತೀರುವ ತನಕ ಬೇರೆ ಕಡೆ ಹೋಗದ ಹಾಗೆ ಮಾಡಿದರೆ ಅದೇ ಜೀತ. ಆ ಸಾಲವನ್ನು ವಸೂಲಿ ಮಾಡುವ ಹಾಗೇ ಇಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆಯಂತೆ. ನಾನು ಮಾಡಿದ ದಡ್ಡತನ ಏನೆಂದರೆ ಮೊದಲು ಮೇಸ್ತ್ರಿ ಜೊತೆ ಜಗಳ ಆಡಿದೆ, ಆಮೇಲೆ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಬರೆದೆ. ಉಲ್ಟಾ ಮಾಡಬೇಕಿತ್ತು. ಬೆಳಗ್ಗೆ ಎದ್ದು ನೋಡಿದರೆ ಮೇಸ್ತ್ರಿಯೂ ಇಲ್ಲ, 5 ಜನರೂ ಇಲ್ಲ. ಆ ಹುಡುಗನೂ ಇರಲಿಲ್ಲ. 40,000 ಹೋಗಿದ್ದಕ್ಕಿಂತ ಅದೇ ಜಾಸ್ತಿ ಚುಚ್ಚಿತು.

ಮುಂದಿನ ಸಲ ಬೇರೆ ಮೇಸ್ತ್ರಿ, ಆದರೆ ಕೂಲಿ ನೇರ ಕೆಲಸದವರ ಕೈಗೆ. ಭಾರೀ ಹೆಮ್ಮೆಯಲ್ಲಿದ್ದೆ. ರಾತ್ರಿ ಶೆಡ್ಡಿನಲ್ಲಿ ಅವನು ಪೂರ್ತಿ ವಾಪಸ್ ಇಸ್ಕೊಳ್ಳುತ್ತಿದ್ದ ಅಂತ ಗೊತ್ತಾಗಿದ್ದು ಕೆಲಸ ಮುಗಿದ ಮೇಲೆ. ಸರಿ, ಫೋನ್‌ಪೇ ಮಾಡೋಣ ಅಂದರೆ ಮೂರು ಜನ ಕೊಟ್ಟಿದ್ದು ಒಂದೇ ನಂಬರು, ಮೇಸ್ತ್ರಿ ಭಾವಮೈದನದ್ದು. ಈಗ ಯಾರೇ ಬರಲಿ, ಮೊದಲು 1 ರೂಪಾಯಿ ಹಾಕಿ ಯಾರ ಹೆಸರು ಬರುತ್ತದೆ ನೋಡುತ್ತೇನೆ.

ಕೊನೆಗೆ ಮೇಸ್ತ್ರಿಯನ್ನೇ ಬಿಟ್ಟೆ. ಸಾಗರದ ಕೆಲಸದಲ್ಲಿ ಓಡಿ ಹೋಗದೆ ಉಳಿದಿದ್ದ ಮೂವರ ಊರಿನಿಂದಲೇ, ಒಬ್ಬರ ಬಾಯಿಂದ ಒಬ್ಬರಿಗೆ ಹೇಳಿಸಿ ಜನ ತರಿಸಿಕೊಂಡೆ. ಬಂದ ದಿನವೇ ವಾಪಸ್ ಹೋಗುವ ಬಸ್ ಚಾರ್ಜ್ ಕೈಗೆ ಕೊಡುತ್ತೇನೆ, ಎಲ್ಲರೂ ನಕ್ಕಿದ್ದು ಇದಕ್ಕೇ. ಮೂರು ವರ್ಷದಲ್ಲಿ ಸುಮಾರು ಮೂವತ್ತು ಜನ ಬಂದಿರಬಹುದು, ಆ ಚಾರ್ಜ್ ಹಿಡಿದು ಓಡಿ ಹೋದವರು ಇಬ್ಬರು. ಆಧಾರ್ ನೋಡಿ ಅಲ್ಲೇ ವಾಪಸ್. ಲೆಕ್ಕದ ಪುಸ್ತಕ ಎರಡು, ಒಂದು ನನ್ನದು, ಒಂದು ಅವರದು, ಶನಿವಾರ ಎರಡಕ್ಕೂ ಸಹಿ. ಮುಂಗಡ ಮುರಿಯೋದು ವಾರಕ್ಕೆ 200 ಅಷ್ಟೇ, ಮಧ್ಯೆ ಬಿಟ್ಟು ಹೋದರೆ ಉಳಿದದ್ದು ಮಾಫಿ. ಹಾಗೆ ಇದುವರೆಗೆ ಹೋಗಿದ್ದು 11,000 ಇರಬೇಕು. ಮತ್ತೆ ಹೊಸಬರನ್ನು ಒಬ್ಬೊಬ್ಬರಾಗಿ ಟೆಂಪೋದಲ್ಲಿ ಲೋಡ್ ಜೊತೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಹಿಂದೆ ಯಾರ ಹತ್ತಿರ ಸಿಕ್ಕಿಹಾಕಿಕೊಂಡಿದ್ದರು, ಈಗಲೂ ಯಾರಾದರೂ ಪಾಲು ಕೇಳುತ್ತಿದ್ದಾರಾ, ಎಲ್ಲ ಆಗ ಹೊರಗೆ ಬರುತ್ತದೆ. ಅದಕ್ಕೆ ಒಂದು ಪ್ರಶ್ನೆ ಇದೆ. ಇಲ್ಲಿ ಬರೆಯಲ್ಲ, ಮೇಸ್ತ್ರಿಗಳೂ ಓದುತ್ತಾರೆ.

ಮಧ್ಯೆ ಒಂದಿಷ್ಟು ಹುಚ್ಚಾಟ ಮಾಡಿದ್ದೂ ಇದೆ. ಹೆಂಚಿಗೆ ಇಷ್ಟು ಅಂತ ಗುತ್ತಿಗೆ ಕೊಟ್ಟು ನೋಡಿದೆ, ಅವಸರಕ್ಕೆ ನೂರಕ್ಕೆ 15 ಒಡೆದವು. ದಿನಗೂಲಿಗೆ ವಾಪಸ್ ಬಂದು, ಹೆಂಚು ಮತ್ತು ಪಾತ್ರೆ ವಿಂಗಡಿಸಲು ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕರೆದೆ. ಒಡೆಯೋದು ಆರಕ್ಕೆ ಇಳಿಯಿತು. ಗಂಡಸರಷ್ಟೇ ಕೂಲಿ ಕೊಟ್ಟೆ ಅಂತ ಅಕ್ಕಪಕ್ಕದ ತೋಟದವರಿಂದ ಬೈಸಿಕೊಂಡೆ. ಹಂಡೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿಸಿದೆ, ಗಿರಾಕಿಗೆ ಕಿಲುಬು ಹಿಡಿದದ್ದೇ ಬೇಕಂತೆ! ಕೊಳಗಕ್ಕೂ ಈಗ ಒಳ್ಳೆ ರೇಟು. ಗೇಣಿ ಅಳೆಯುವ ಕೊಳಗದ ಜಗಳದಿಂದಲೇ 1951ರ ಕಾಗೋಡು ಸತ್ಯಾಗ್ರಹ ಶುರುವಾಗಿದ್ದು ಅಂತ ಗಿರಾಕಿಗೆ ಹೇಳಿದರೆ ಇನ್ನೂ 200 ಜಾಸ್ತಿ ಕೊಡುತ್ತಾರೆ.

ದುಡ್ಡಿನ ವಿಷಯ. ಕೂಲಿ ಖರ್ಚು ಮೊದಲಿಗಿಂತ ನೂರಕ್ಕೆ 18ರಷ್ಟು ಏರಿತು. ಮೇಸ್ತ್ರಿ ಕಮಿಷನ್ ಉಳಿಯಿತು, ಒಡಕು ಕಡಿಮೆ ಆಯಿತು. ತೀರ್ಥಹಳ್ಳಿ ಮನೆಯಲ್ಲಿ ಎಲ್ಲ ಕಳೆದು 1 ಲಕ್ಷದ 70 ಸಾವಿರದ ಆಸುಪಾಸು ನಿಂತಿತು. ಕಂಬ, ಬೋದಿಗೆ (ಕಂಬದ ತಲೆ ಮೇಲಿನ ಕೆತ್ತನೆ ಮರ) ತಗೊಂಡ ಬೆಂಗಳೂರಿನ ವ್ಯಾಪಾರಿ ಲಂಡನ್ನಿಗೆ ಕಳಿಸುವವರು. ಬ್ರಿಟನ್ನಿನಲ್ಲಿ 2015ರಿಂದ ಒಂದು ಕಾನೂನಿದೆ, ವರ್ಷಕ್ಕೆ 3.6 ಕೋಟಿ ಪೌಂಡ್ ವಹಿವಾಟು ದಾಟಿದ ಕಂಪನಿಗಳು ತಮ್ಮ ಸರಕಿನ ಹಿಂದೆ ಜೀತ ಇರದ ಹಾಗೆ ಏನು ಮಾಡಿದೆವು ಅಂತ ಪ್ರತಿ ವರ್ಷ ಬರೆದು ಪ್ರಕಟಿಸಬೇಕು. ನಮ್ಮಂಥವರಿಗೆ ಅದು ನೇರವಾಗಿ ತಾಗಲ್ಲ. ಆದರೆ ಅಲ್ಲಿನ ಗಿರಾಕಿ ಇವರನ್ನು ಕೇಳಿದ, ಇವರು ನನ್ನನ್ನು ಕೇಳಿದರು. ನನ್ನ ಹತ್ತಿರ ಪುಸ್ತಕ ಇತ್ತು, ಫೋಟೋ ತೆಗೆದು ಕಳಿಸಿದೆ. ಬುದ್ಧಿ ಹೇಳಿದವರ ಹತ್ತಿರ ಇರಲಿಲ್ಲ!

ಇನ್ನೂ ಸರಿಹೋಗದ್ದು ಒಂದಿದೆ. ಆಸ್ಪತ್ರೆ, ಹೆರಿಗೆ ಅಂತ ಒಮ್ಮೆಲೇ 10,000 ಕೇಳಿದರೆ ಏನು ಮಾಡೋದು? ಇಲ್ಲ ಅಂದರೆ ಅವರು ಹೋಗೋದು ಮತ್ತೆ ಮೇಸ್ತ್ರಿ ಹತ್ತಿರವೇ. ಕೊಟ್ಟರೆ ನಾನೇ ಮೇಸ್ತ್ರಿ ಆಗುತ್ತೇನೆ. ಸದ್ಯಕ್ಕೆ ಅಂಥದ್ದನ್ನು ಪುಸ್ತಕದಲ್ಲೇ ಬರೆಯದೆ ಕೊಡುತ್ತಿದ್ದೇನೆ, ಬಂದರೆ ಬಂತು. ಹೆಂಡತಿಗೆ ಇದು ಗೊತ್ತಿಲ್ಲ.

ಮುಂದಿನ ಮನೆ ಹೊಸನಗರದ ಕಡೆ, ದೀಪಾವಳಿ ಕಳೆದ ಮೇಲೆ. 6 ಜನ ಆಗಿದ್ದಾರೆ, ಇನ್ನೂ 3 ಜನ ಬೇಕು.