ಪರ್ಯಾಯದ ನೂಕುನುಗ್ಗಲಿಗೂ ಬೀಳದ ವೆಬ್‌ಸೈಟ್: ಎಚ್‌ಎಪ್ರಾಕ್ಸಿ ಅಳವಡಿಸುವುದು ಹೇಗೆ?

ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವದ ದಿನಗಳಿಗೆ ಉಡುಪಿಯಲ್ಲಿ ರೂಮ್ ಬುಕ್ ಮಾಡಿಕೊಡುವ ಒಂದು ವೆಬ್‌ಸೈಟ್ ಇದೆ ಎಂದುಕೊಳ್ಳಿ. ವರ್ಷವಿಡೀ ಒಂದು ಸರ್ವರ್ ಸಾಕು, ಜನವರಿ 18ರ ಆಸುಪಾಸಿನಲ್ಲಿ ಸಾಲದು. ಎರಡನೆಯದನ್ನು ತಂದಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು. ಬಂದವರನ್ನು ಎರಡಕ್ಕೂ ಹಂಚಲು, ಒಂದು ಕೆಟ್ಟರೆ ಎಲ್ಲರನ್ನೂ ಇನ್ನೊಂದಕ್ಕೆ ಕಳಿಸಲು ಬಾಗಿಲಲ್ಲೇ ಒಂದು ತಂತ್ರಾಂಶ ಬೇಕು. ವಿಲ್ಲಿ ಟರೋ 2001ರಲ್ಲಿ ಹೊರತಂದ ಎಚ್‌ಎಪ್ರಾಕ್ಸಿ ಇದಕ್ಕೆಂದೇ ಇರುವ ಮುಕ್ತ ತಂತ್ರಾಂಶ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಕೂಡ ಹಂಚಬಲ್ಲದು. ಆದರೆ ಅದರ ಉಚಿತ ಆವೃತ್ತಿ ಸರ್ವರ್‌ಗಳ ಆರೋಗ್ಯವನ್ನು ತಾನಾಗಿ ವಿಚಾರಿಸುವುದಿಲ್ಲ. ಯಾವುದೋ ಗ್ರಾಹಕರ ಕೋರಿಕೆ ಕೈಕೊಟ್ಟ ಮೇಲೆಯೇ ಅದಕ್ಕೆ ಗೊತ್ತಾಗುವುದು.

ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇರುವ ಮೂರು ಯಂತ್ರ ಬೇಕು. ಬಾಗಿಲಲ್ಲಿ ನಿಂತು ಎಚ್‌ಎಪ್ರಾಕ್ಸಿ ನಡೆಸುವ ಯಂತ್ರದ ಐಪಿ ವಿಳಾಸ 10.0.0.10 ಎಂದಿರಲಿ, ಅದಕ್ಕೆ 2 ಜಿಬಿ ರ‍್ಯಾಮ್ ಧಾರಾಳ. ಹಿಂದಿನವು 10.0.0.11 ಮತ್ತು 10.0.0.12; ಎರಡರಲ್ಲೂ 8080 ಪೋರ್ಟ್‌ನಲ್ಲಿ ಅದೇ ಆ್ಯಪ್, ಎರಡಕ್ಕೂ ಒಂದೇ ಡೇಟಾಬೇಸ್. ಫೈರ್‌ವಾಲ್‌ನಲ್ಲಿ 8080 ಪೋರ್ಟನ್ನು 10.0.0.10ಕ್ಕೆ ಮಾತ್ರ ತೆರೆದಿಡಿ. ಯಂತ್ರಗಳು ನಿಮ್ಮ ಕಚೇರಿಯಲ್ಲೇ ಇದ್ದರೆ ಹಿಂದಿನ ಎರಡನ್ನು ಬೇರೆ ಬೇರೆ ಯುಪಿಎಸ್‌ಗೆ ಜೋಡಿಸಿ. ಕರಾವಳಿಯ ಮಳೆಗಾಲದ ಸಿಡಿಲಿಗೆ ಎರಡೂ ಒಟ್ಟಿಗೆ ಹೋಗಬಾರದು.

10.0.0.10ರಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಎಚ್‌ಎಪ್ರಾಕ್ಸಿ' ಎಂದರೆ ತಂತ್ರಾಂಶ ಬಂದು ಕೂರುತ್ತದೆ. (ಇಲ್ಲಿ ಕನ್ನಡದಲ್ಲಿ ಕೊಟ್ಟ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.) ಇಟಿಸಿ ಫೋಲ್ಡರ್‌ನ ಒಳಗಿರುವ ಕಾನ್ಫಿಗ್ ಫೈಲಿನ ಪ್ರತಿ ತೆಗೆದಿಟ್ಟುಕೊಂಡು ಅದರ ಕೊನೆಗೆ ಎರಡು ಭಾಗ ಸೇರಿಸಿ. 'ಫ್ರಂಟೆಂಡ್' ಭಾಗದಲ್ಲಿ 80ನೇ ಪೋರ್ಟಿಗೆ 'ಬೈಂಡ್' ಮಾಡಿ, ಯಾವ ಬ್ಯಾಕೆಂಡಿಗೆ ಕಳಿಸಬೇಕೆಂದು ಬರೆಯಿರಿ. 'ಬ್ಯಾಕೆಂಡ್' ಭಾಗದಲ್ಲಿ ಹಂಚುವ ರೀತಿ ಮತ್ತು ಎರಡು 'ಸರ್ವರ್' ಸಾಲು.

ಹಂಚುವ ರೀತಿ ಯಾವುದಿರಲಿ? ಅಷ್ಟಮಠಗಳು ಎರಡೆರಡು ವರ್ಷದ ಸರದಿಯಲ್ಲಿ ಪೂಜೆ ನಡೆಸುವುದನ್ನು ಕಂಡವರಿಗೆ 'ರೌಂಡ್‌ರಾಬಿನ್' ವಿವರಿಸಬೇಕಿಲ್ಲ: ಇವನಿಗೊಂದು, ಅವನಿಗೊಂದು. ಪ್ರತಿ ಕೋರಿಕೆಗೂ ಹೆಚ್ಚುಕಡಿಮೆ ಒಂದೇ ಸಮಯ ಹಿಡಿಯುವಲ್ಲಿ ಅದು ಸರಿ. ಹುಡುಕಾಟಕ್ಕೆ ಕ್ಷಣ, ಹಣ ಪಾವತಿಗೆ ಹತ್ತು ಸೆಕೆಂಡ್ ಎಂಬಂಥ ಕಡೆ 'ಲೀಸ್ಟ್‌ಕಾನ್' ವಾಸಿ. ಆ ಹೊತ್ತಿಗೆ ಯಾರ ಕೈಯಲ್ಲಿ ಕಡಿಮೆ ಸಂಪರ್ಕಗಳಿವೆಯೋ ಅವರಿಗೆ ಕೊಡುತ್ತದೆ.

ಹಂಚಿಕೆಗಿಂತ ದೊಡ್ಡ ವಿಷಯ ಆರೋಗ್ಯ ತಪಾಸಣೆ. ಹೆಚ್ಚಿನವರು ಎಡವುವುದು ಇಲ್ಲೇ. ಸರ್ವರ್ ಸಾಲಿನ ಕೊನೆಗೆ 'ಚೆಕ್' ಎಂಬ ಪದ ಇಲ್ಲದಿದ್ದರೆ, ಸತ್ತ ಸರ್ವರನ್ನೂ ಎಚ್‌ಎಪ್ರಾಕ್ಸಿ ಬದುಕಿದೆ ಎಂದೇ ನಂಬುತ್ತದೆ. 'ಚೆಕ್' ಮಾತ್ರ ಇದ್ದರೆ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುತ್ತದೆ. ಆ್ಯಪ್ ಒಳಗೇ ಹೆಪ್ಪುಗಟ್ಟಿ ಕೂತಿದ್ದರೂ ಪಾಸು. ಆದ್ದರಿಂದ 'ಆಪ್ಷನ್ ಎಚ್‌ಟಿಟಿಪಿಚೆಕ್' ಸೇರಿಸಿ, ತಪಾಸಣೆಗೆಂದೇ ಆ್ಯಪ್‌ನಲ್ಲಿ ಒಂದು ಪುಟ ಮಾಡಿ. ಅದು 200, ಅಂದರೆ 'ಎಲ್ಲ ಸರಿ' ಎಂದೇ ಉತ್ತರಿಸಬೇಕು. 'ಬೇರೆ ವಿಳಾಸಕ್ಕೆ ಹೋಗಿ' ಎನ್ನುವ 301, 302 ಬಂದರೂ ಎಚ್‌ಎಪ್ರಾಕ್ಸಿ ಒಪ್ಪಿಕೊಳ್ಳುವುದರಿಂದ, ಲಾಗಿನ್ ಪುಟಕ್ಕೆ ತಿರುಗಿಸುವ ವಿಳಾಸ ಕೊಟ್ಟರೆ ತಪಾಸಣೆಗೆ ಅರ್ಥವೇ ಇಲ್ಲ. ಆ ಪುಟದಲ್ಲಿ ಡೇಟಾಬೇಸನ್ನು ಪರೀಕ್ಷಿಸಲೂ ಹೋಗಬೇಡಿ. ಡೇಟಾಬೇಸ್ ಒಂದು ಗಳಿಗೆ ತಡವರಿಸಿದರೆ ಎರಡೂ ಸರ್ವರ್ ಒಟ್ಟಿಗೆ ಹೊರಬಿದ್ದು ಇಡೀ ಸೈಟ್ 503, ಅಂದರೆ 'ಸೇವೆ ಲಭ್ಯವಿಲ್ಲ' ಎಂಬ ದೋಷ ತೋರಿಸುತ್ತದೆ.

ಏನೂ ಬದಲಿಸದಿದ್ದರೆ ತಪಾಸಣೆ 2 ಸೆಕೆಂಡಿಗೊಮ್ಮೆ. ಸತತ 3 ಸೋಲಿಗೆ ಹೊರಗೆ, 2 ಗೆಲುವಿಗೆ ಮತ್ತೆ ಒಳಗೆ. ಅಂದರೆ ಸುಮಾರು 6 ಸೆಕೆಂಡ್ ಸತ್ತ ಸರ್ವರ್‌ಗೂ ಜನ ಹೋಗುತ್ತಿರುತ್ತಾರೆ. 'ಆಪ್ಷನ್ ರೀಡಿಸ್ಪ್ಯಾಚ್' ಇದ್ದರೆ, ಸಂಪರ್ಕ ಸಿಗದ ಕೋರಿಕೆಯನ್ನು ಇನ್ನೊಂದು ಸರ್ವರ್‌ಗೆ ಕೊಟ್ಟು ನೋಡುತ್ತದೆ.

ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಟೈಮ್‌ಔಟ್‌ಗಳಲ್ಲಿ ಸಮಯದ ಮಾನ ಬರೆಯಲು ಮರೆಯಬೇಡಿ. ಬರೀ 5 ಎಂದರೆ 5 ಮಿಲಿಸೆಕೆಂಡ್. ಸಂಪರ್ಕಕ್ಕೆ ಅಷ್ಟೇ ಬಿಟ್ಟರೆ ಹುಷಾರಾಗಿರುವ ಸರ್ವರ್ ಇದ್ದೂ 503 ಬರಬಹುದು. 5 ಸೆಕೆಂಡ್ ಬೇಕಿದ್ದರೆ ಪಕ್ಕದಲ್ಲಿ 'ಎಸ್' ಅಕ್ಷರ ಇರಲಿ.

'ಆಪ್ಷನ್ ಫಾರ್ವರ್ಡ್‌ಫಾರ್' ಇಲ್ಲದಿದ್ದರೆ ಆ್ಯಪ್ ಕಣ್ಣಿಗೆ ಎಲ್ಲ ಗ್ರಾಹಕರೂ 10.0.0.10ರಿಂದಲೇ ಬಂದಂತೆ ಕಾಣುತ್ತಾರೆ. ಒಂದು ಐಪಿಯಿಂದ ಇಂತಿಷ್ಟೇ ಕೋರಿಕೆ ಎಂಬ ಮಿತಿ ಆ್ಯಪ್‌ನಲ್ಲಿದ್ದರೆ ಎಲ್ಲರಿಗೂ ಬಾಗಿಲು ಮುಚ್ಚಿದಂತೆಯೇ. ಇನ್ನು ಲಾಗಿನ್ ಮಾಹಿತಿ ಆಯಾ ಸರ್ವರ್‌ನ ಮೆಮೊರಿಯಲ್ಲೇ ಇದ್ದರೆ, ಎರಡನೇ ಕ್ಲಿಕ್ಕಿಗೆ ಗ್ರಾಹಕರು ಲಾಗೌಟ್ ಆಗುತ್ತಾರೆ. ಕುಕೀ ಹಾಕಿ ಒಬ್ಬರನ್ನು ಒಂದೇ ಸರ್ವರ್‌ಗೆ ಅಂಟಿಸಬಹುದು. ಆದರೆ ಆ ಸರ್ವರ್ ಬಿದ್ದರೆ ಅವರ ಲಾಗಿನ್ ಕೂಡ ಹೋಯಿತು. ಈ ಲಾಗಿನ್ ಮಾಹಿತಿಯನ್ನು (ಸೆಷನ್) ಡೇಟಾಬೇಸ್‌ನಲ್ಲಿಡುವುದೇ ಸರಿಯಾದ ದಾರಿ.

ಎಚ್‌ಟಿಟಿಪಿಎಸ್‌ಗೆ ಪ್ರಮಾಣಪತ್ರದ ಸರಣಿಯನ್ನೂ ಖಾಸಗಿ ಕೀಲಿಯನ್ನೂ ಒಂದೇ ಫೈಲಿಗೆ ಸೇರಿಸಿ 443ರ ಬೈಂಡ್ ಸಾಲಿನಲ್ಲಿ ಕೊಡಿ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಪ್ರಮಾಣಪತ್ರ ತಾನಾಗಿ ನವೀಕರಣಗೊಂಡರೂ ಈ ಜೋಡಿಸಿದ ಫೈಲ್ ಹಳೆಯದೇ ಉಳಿದಿರುತ್ತದೆ. ಪುನಃ ಜೋಡಿಸಿ ರೀಲೋಡ್ ಮಾಡುವ ಸ್ಕ್ರಿಪ್ಟನ್ನು ನವೀಕರಣಕ್ಕೇ ಕಟ್ಟಿಬಿಡಿ.

ಫೈಲ್ ಬದಲಿಸಿದಾಗಲೆಲ್ಲ ಮೊದಲು 'ಎಚ್‌ಎಪ್ರಾಕ್ಸಿ -ಸಿ -ಎಫ್' ಎಂದು ಬರೆದು, ಮುಂದೆ ಫೈಲಿನ ಹೆಸರು ಕೊಟ್ಟು ದೋಷ ನೋಡಿ. ಆಮೇಲೆ 'ರೀಸ್ಟಾರ್ಟ್' ಬೇಡ, 'ರೀಲೋಡ್' ಮಾಡಿ. ಹಣ ಪಾವತಿಸುತ್ತಿರುವವರ ಸಂಪರ್ಕವನ್ನು ಹಳೆಯ ಪ್ರಕ್ರಿಯೆ ಮುಗಿಸಿಕೊಟ್ಟೇ ಹೋಗುತ್ತದೆ.

ಜನ ಬರುವ ಮೊದಲೇ ಒಂದು ಸರ್ವರ್‌ನ ಆ್ಯಪ್ ನಿಲ್ಲಿಸಿ, ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿ. 503 ಬಂದರೆ ತಪಾಸಣೆಯ ಸಾಲು ನೋಡಿ. 504 ಬಂದರೆ ಸರ್ವರ್ ಸಿಕ್ಕಿದೆ, ಉತ್ತರ ತಡವಾಗಿದೆ ಎಂದರ್ಥ. ಆಮೇಲೆ ಅದನ್ನು ಚಾಲೂ ಮಾಡಿ, ಇನ್ನೊಂದನ್ನು ನಿಲ್ಲಿಸಿ ನೋಡಿ.