ತಮ್ಮನ ರಾಜಾಪುರಿ ಬಾಳೆ, ನನ್ನ ಕುಕ್ಕರು

ಹಾನಗಲ್ ಹತ್ತಿರ ನನ್ನ ತಮ್ಮನ ತೋಟದಲ್ಲಿ ರಾಜಾಪುರಿ ಬಾಳೆಯ ಒಂದು ಬುಡ ಇದೆ. ಕುಳ್ಳ ಗಿಡ, ಗಾಳಿಗೆ ಜಗ್ಗುವುದಿಲ್ಲ, ಹಣ್ಣು ಅಂದರೆ ಹಣ್ಣು. ನರ್ಸರಿಗೆ ಹೋದರೆ ಸಾಲಾಗಿ ಜಿ-9 (ಗ್ರ್ಯಾಂಡ್ ನೈನ್ ತಳಿ) ಸಸಿ. ಅವನಿಗೆ ಬೇಕಾದದ್ದು ಈ ಬುಡದ್ದೇ ಸಸಿ. "ಅಕ್ಕಾ, ಮೂವತ್ತು ವರ್ಷ ಲ್ಯಾಬಿನ್ಯಾಗ ಬಾಟ್ಲಿ ತೊಳದೀಯಲ್ಲ, ನನಗೂ ಒಂದಿಷ್ಟು ಮಾಡಿಕೊಡು" ಅಂದ. ತೊಳೆದದ್ದು ಖರೆ. ಧಾರವಾಡದಲ್ಲಿ ಸಸ್ಯ ವಿಜ್ಞಾನಿಗಳ ಕೈಕೆಳಗೆ ಟಿಶ್ಯೂ ಕಲ್ಚರ್ (ಗಿಡದ ಚೂರಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವುದು) ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಆ ಕೆಲಸವನ್ನೇ ಅಡುಗೆಮನೆಗೆ ಹೊಂದಿಸಿದ ಬಗೆ ಇಲ್ಲಿದೆ. ದುಡ್ಡು ಉಳಿಸಲು ಮಾತ್ರ ಇದಕ್ಕೆ ಕೈ ಹಾಕಬೇಡಿ, ಉಳಿಯುವುದಿಲ್ಲ. ಬೇರೆಲ್ಲೂ ಸಿಗದ ತಳಿ ಕೈಯಲ್ಲಿದ್ದರೆ ಮಾಡಿ.

ಮೊದಲ ಕೆಲಸ ಹೊಲದಲ್ಲಿ, ತಾಯಿಗಿಡ ಆರಿಸುವುದು. ಯಾಕೆ ಅಂದರೆ, ನಾವು ತಿನ್ನುವ ಬಹುತೇಕ ಬಾಳೆಗಳಲ್ಲಿ ವರ್ಣತಂತುಗಳ ಮೂರು ಗುಂಪು, ಒಟ್ಟು 33. ಮೂರನ್ನು ಇಬ್ಬರಿಗೆ ಹಂಚಲು ಬಾರದು, ಹೀಗಾಗಿ ಬೀಜ ಕಟ್ಟುವುದು ತಪ್ಪಿತು. ಹತ್ತಿಯ ಕಥೆ ಬೇರೆ. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ತಳಿ ಎರಡು ಜಾತಿಯ ಹತ್ತಿಯ ಸಂಕರ. ಅಂಥದ್ದರ ಬೀಜ ಎತ್ತಿಟ್ಟು ಬಿತ್ತಿದರೆ ಮರುವರ್ಷ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ, ಪ್ರತಿ ಸಲ ಹೂವಿಗೆ ಹೂ ಕೂಡಿಸಿಯೇ ಬೀಜ ಮಾಡಬೇಕು. ಬಾಳೆಯ ಕಂದು, ಅಂದರೆ ಬುಡದಲ್ಲಿ ಏಳುವ ಮರಿ, ಮಾತ್ರ ತಾಯಿಯ ನಕಲು. ಬಾಟಲಿಯಲ್ಲಿ ಆ ನಕಲು ಬೇಗ ಆಗುತ್ತದೆ, ಅಷ್ಟೇ. ತಾಯಿಗೆ ವೈರಸ್ ಇದ್ದರೆ ಅದೂ ಜೊತೆಗೆ ಬರುತ್ತದೆ.

ಅದಕ್ಕೇ ಗೊನೆ ಕಣ್ಣಾರೆ ನೋಡಿದ ಮೇಲೆ ತಾಯಿಗಿಡಕ್ಕೆ ಒಂದು ದಾರ ಕಟ್ಟಿ. ತುದಿಯ ಎಲೆಗಳು ಸಣ್ಣಗಾಗಿ ಗೊಂಚಲಿನಂತೆ ನೆಟ್ಟಗೆ ನಿಂತಿದ್ದರೆ, ಎಲೆಯ ತೊಟ್ಟಿನಲ್ಲಿ ಕಡು ಹಸಿರು ಚುಕ್ಕೆ-ಗೆರೆ ಕಂಡರೆ ಅದು ಬಂಚಿ ಟಾಪ್. ಗಿಡದ ರಸ ಹೀರುವ ಹೇನಿನಿಂದ ಹರಡುವ ವೈರಸ್ ರೋಗ. ಆ ಗಿಡ ಬಿಡಿ, ಪಕ್ಕದ್ದನ್ನೂ ಬಿಡಿ. ಕಣ್ಣಿಗೆ ಕಾಣದೆಯೂ ವೈರಸ್ ಇರುತ್ತದೆ. ಮಾರುವ ಉದ್ದೇಶವಿದ್ದರೆ ತಾಯಿಗಿಡವನ್ನು ಪರೀಕ್ಷೆಗೆ ಕೊಡಲೇಬೇಕು. ಆರೋಗ್ಯವಂತ ಬುಡದಿಂದ ಕತ್ತಿಯಂಥ ಕಿರಿದಾದ ಎಲೆಯ ಕಂದನ್ನು ಮಳೆ ಬಿಟ್ಟ ದಿನಗಳಲ್ಲಿ ಕೀಳಿ. ಅಗಲ ಎಲೆಯ ನೀರುಗಂದು ಬೇಡ.

ಇನ್ನು ಬಾಟಲಿಯೊಳಗೆ ಬಾಳೆ ತುಂಡಿಗೆ ಬೇಕಾದ ಊಟದ ಸಿದ್ಧತೆ. ಒಂದು ಲೀಟರ್ ನೀರಿಗೆ ಎಂಎಸ್ ಪುಡಿ 4.4 ಗ್ರಾಂ (ಗಿಡಕ್ಕೆ ಬೇಕಾದ ಲವಣಗಳ ಸಿದ್ಧ ಮಿಶ್ರಣ, ವಿಟಮಿನ್ ಸೇರಿಸಿದ್ದೇ ಕೇಳಿ), ಸಕ್ಕರೆ 30 ಗ್ರಾಂ, ಮರಿ ಮೂಡಿಸುವ ಹಾರ್ಮೋನು ಬಿಎಪಿ 5 ಮಿ.ಗ್ರಾಂ. ಇಷ್ಟು ಸಣ್ಣ ತೂಕ ಕಿರಾಣಿ ತಕ್ಕಡಿಗೆ ಆಗದ ಮಾತು. ಪರಿಚಯದ ಕಾಲೇಜಿನಲ್ಲಿ 100 ಮಿ.ಗ್ರಾಂ ಬಿಎಪಿ ತೂಗಿಸಿ, ಕಾಸ್ಟಿಕ್ ಸೋಡಾ ದ್ರಾವಣದ ಕೆಲವು ಹನಿಯಲ್ಲಿ ಕರಗಿಸಿ, 100 ಮಿ.ಲೀ.ಗೆ ಏರಿಸಿಟ್ಟರೆ ಪ್ರತಿ ಲೀಟರಿಗೆ 5 ಮಿ.ಲೀ. ಹಾಕಿದರಾಯಿತು. ಪಿಎಚ್ (ಹುಳಿ-ಕ್ಷಾರದ ಅಳತೆ) 5.8ಕ್ಕೆ ತಂದ ಮೇಲೆ, ಊಟ ಗಟ್ಟಿಯಾಗಲು ಅಗರ್ ಪುಡಿ 8 ಗ್ರಾಂ ಹಾಕಿ ಕುದಿಸಿ. ಪಿಎಚ್ ಇಳಿದಿದ್ದರೆ ಅಗರ್ ಗಟ್ಟಿಯಾಗದೆ ಗಂಜಿಯಂತೆ ಉಳಿಯುತ್ತದೆ. ಗಾಜಿನ ಬಾಟಲಿಗಳಲ್ಲಿ ಎರಡು ಬೆರಳೆತ್ತರ ಸುರಿದು, ಮುಚ್ಚಳ ಸಡಿಲಾಗಿ ಹಾಕಿ, ಕುಕ್ಕರಿನಲ್ಲಿ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 20 ನಿಮಿಷ. ಲ್ಯಾಬಿನ ಆಟೋಕ್ಲೇವ್ ಮಾಡುವುದೂ ಇದನ್ನೇ: 15 ಪೌಂಡ್ ಒತ್ತಡ, 121 ಡಿಗ್ರಿ. ಎರಡನೇ ದಿನ ಸೊಸೆ ಬಂದು, "ಅತ್ತೀ, ಇದರಾಗ ಇನ್ಮ್ಯಾಲೆ ಅನ್ನಾ ಮಾಡೂದೋ ಬ್ಯಾಡೋ ಹೇಳಿಬಿಡ್ರಿ" ಅಂದಳು. ಅವಳ ಮಾತು ಸರಿಯೇ. ಈ ಕೆಲಸಕ್ಕೆ ಬೇರೆ ಕುಕ್ಕರ್ ಇಡಿ. ತುಂಬಿದ ಬಾಟಲಿಗಳನ್ನು ಮೂರು ದಿನ ಸುಮ್ಮನೆ ಇಟ್ಟು ನೋಡಿ. ಬೂಸ್ಟು ಬರುವುದಿದ್ದರೆ ಬಾಳೆ ಇಡುವ ಮೊದಲೇ ಬಂದುಬಿಡಲಿ.

ಕಂದನ್ನು ನಲ್ಲಿ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಗಡ್ಡೆ ಕೆತ್ತಿ, ಮೂರು-ನಾಲ್ಕು ಸೆಂ.ಮೀ. ತುಂಡಿಗೆ ಇಳಿಸಿ. ಲ್ಯಾಬಿನಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಿದ್ದೆವು. ಪಾದರಸದ ವಿಷ ಅದು, ಮನೆಯೊಳಗೆ ತರಲೇಬೇಡಿ. ಅಂಗಡಿಯ ದ್ರವ ಬ್ಲೀಚು ಒಂದು ಲೋಟಕ್ಕೆ ಮೂರು ಲೋಟ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, 20 ನಿಮಿಷ. ಮುಂದಿನದೆಲ್ಲ ಗಾಳಿ-ಧೂಳು ತಾಗದಂತೆ ಒಂದು ಪೆಟ್ಟಿಗೆಯೊಳಗೆ. ನನ್ನದು ಅಡ್ಡ ಮಲಗಿಸಿದ ಹಳೆಯ ಮೀನಿನ ತೊಟ್ಟಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಸ್ಪಿರಿಟ್ಟಿನಿಂದ ಒರೆಸಿ. ಅದು ಪೂರ್ತಿ ಆರಿದ ಮೇಲೆಯೇ ದೀಪ ಹಚ್ಚಿ. ನಾನು ಆತುರಪಟ್ಟು ಒಮ್ಮೆ ಒದ್ದೆ ಕೈಯಲ್ಲೇ ಕಡ್ಡಿ ಗೀರಿದೆ, ಬೆರಳ ಮೇಲೆ ನೀಲಿ ಬೆಂಕಿ ಓಡಿತು. ಕುಕ್ಕರಿನಲ್ಲಿ ಬೇಯಿಸಿ ಆರಿಸಿದ ನೀರಲ್ಲಿ ಮೂರು ಸಲ ತೊಳೆದು, ಹೊರಪದರ ಒಂದೊಂದಾಗಿ ಬಿಡಿಸಿ, ಕೊನೆಗೆ ಒಂದು ಸೆಂ.ಮೀ. ತುದಿಯಷ್ಟನ್ನು ಬಾಟಲಿಗೆ ಇಡಿ.

ಬಾಳೆ ಕೊಯ್ದರೆ ಕಪ್ಪಾಗುತ್ತದೆ, ಅದರ ರಸದ ಗುಣ. ತುಂಡನ್ನು ವಿಟಮಿನ್ ಸಿ ನೀರಲ್ಲಿ ಅದ್ದಿ, ಮೊದಲ ವಾರ ಕತ್ತಲಲ್ಲಿ ಇಟ್ಟು, ಅಗರ್ ಕಪ್ಪಾದರೆ ಹೊಸ ಬಾಟಲಿಗೆ ಬದಲಿಸಿ. ಹತ್ತಿಯಂಥ ಬೂಸ್ಟು ವಾರದೊಳಗೆ ಕಾಣುತ್ತದೆ. ಬುಡದ ಸುತ್ತ ಹಾಲಿನಂಥ ಮಂಜು ಕಂಡರೆ ಬ್ಯಾಕ್ಟೀರಿಯಾ. ಅಂಥ ಬಾಟಲಿ ತೆರೆಯಬೇಡಿ, ಮುಚ್ಚಿದಂತೆಯೇ ಮತ್ತೆ ಕುಕ್ಕರಿಗೆ ಹಾಕಿ ಆಮೇಲೆ ಚೆಲ್ಲಿ. ಧಾರವಾಡದ ಶ್ರಾವಣದ ಜಡಿಮಳೆಯಲ್ಲಿ ಶುರು ಮಾಡಿದ್ದು ನನ್ನ ದಡ್ಡತನ: 12ರಲ್ಲಿ 9 ಹೋದವು.

ಉಳಿದ ಮೂರು ಸಾಕಾದವು. ತಿಂಗಳಾದ ಮೇಲೆ ಉಬ್ಬಿದ ತುದಿಯನ್ನು ನಡುವೆ ಉದ್ದಕ್ಕೆ ಸೀಳಿ. ಪಕ್ಕದಿಂದ ಮರಿ ಮೂಡುತ್ತವೆ. ನಾಲ್ಕು ವಾರಕ್ಕೊಮ್ಮೆ ಬಿಡಿಸಿ ಹೊಸ ಬಾಟಲಿಗೆ, 25 ಡಿಗ್ರಿ ಆಸುಪಾಸು, ದಿನಕ್ಕೆ 16 ತಾಸು ಟ್ಯೂಬ್‌ಲೈಟು. ಪ್ರತಿ ಬಾಟಲಿಯ ಮೇಲೆ ತಾರೀಖಿನ ಜೊತೆ ಎಷ್ಟನೇ ಸುತ್ತು ಅಂತಲೂ ಬರೆಯಿರಿ. ಸುತ್ತು ಹೆಚ್ಚಿದಂತೆ ನಕಲಿನಲ್ಲಿ ತಪ್ಪು ನುಸುಳುತ್ತದೆ, ಕುಬ್ಜ ಗಿಡ, ವಿಕಾರದ ಎಲೆ. ನಾನು ಐದಕ್ಕೆ ನಿಲ್ಲಿಸಿದೆ. ಇನ್ನೊಂದು ಸುತ್ತು ಮಾಡಿದರೆ ಇಮ್ಮಡಿ ಸಸಿ ಅನ್ನುವ ಆಸೆ ಬಂದೇ ಬರುತ್ತದೆ.

ಬೇರಿಗೆ ಲೀಟರಿಗೆ ಅರ್ಧದಷ್ಟು ಎಂಎಸ್, ಬಿಎಪಿ ಇಲ್ಲ, ಬೇರು ಬರಿಸುವ ಹಾರ್ಮೋನು ಐಬಿಎ 1 ಮಿ.ಗ್ರಾಂ. ಮೂರು-ನಾಲ್ಕು ವಾರ.

ಹೊರಗೆ ತಂದಾಗ ಅಗರ್ ಒಂದು ಚೂರೂ ಉಳಿಯದಂತೆ ತೊಳೆಯಿರಿ, ಸಕ್ಕರೆಗೆ ಇರುವೆ, ಬೂಸ್ಟು ಎರಡೂ ಬರುತ್ತವೆ. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ನೆಟ್ಟು ಪ್ಲಾಸ್ಟಿಕ್ ಹೊದಿಸಿ. ಬಾಟಲಿಯ ಎಲೆಗೆ ನೀರು ಹಿಡಿದಿಡುವ ಮೇಣದ ಪದರ ಸರಿಯಾಗಿ ಬಂದಿರುವುದಿಲ್ಲ. ಮಾರ್ಚ್ ಮಧ್ಯಾಹ್ನದ ಒಣಗಾಳಿಗೆ ಒಂದು ತಾಸು ಸಿಕ್ಕರೂ ಮುಗಿಯಿತು. ವಾರದ ನಂತರ ಸಂಜೆ ಅರ್ಧ ತಾಸು ತೆರೆದು, ದಿನದಿನಕ್ಕೆ ಹೆಚ್ಚಿಸಿ. ತಿಂಗಳಿಗೆ ಚೀಲಕ್ಕೆ, ಮತ್ತೊಂದು ತಿಂಗಳು ನೆರಳುಬಲೆಯ ಕೆಳಗೆ.

ಹೋದ ಜೂನ್‌ನಲ್ಲಿ 41 ಸಸಿ ಹಾನಗಲ್ಲಿಗೆ ಹೋದವು. ಆರಡಿಗೆ ಒಂದರಂತೆ ಹಚ್ಚಿದ್ದಾನೆ. ಎರಡರ ಎಲೆ ಒತ್ತೊತ್ತಾಗಿ ಗಿಡ ಮೇಲೇಳಲೇ ಇಲ್ಲ. "ಕಿತ್ತು ಒಗಿ" ಅಂದೆ. ಒಂದನ್ನು ಕಿತ್ತ. ಇನ್ನೊಂದಕ್ಕೆ "ಇರ್ಲಿ ಬಿಡಕ್ಕ, ಗೊನಿ ಹೆಂಗ ಬಿಡತೈತಿ ನೋಡೂಣು" ಅಂತ ದಾರ ಕಟ್ಟಿದ್ದಾನೆ.