ಮಾಡು ಗುಡಿಸುವ ಮುನ್ನ ಹಗ್ಗ ಅಳೆಯಿರಿ

ಏಪ್ರಿಲ್ ಕೊನೆಗೆ ಒಂದೆರಡು ಬೇಸಿಗೆ ಮಳೆ ಬಿದ್ದರೆ ಸಾಕು, ಕರಾವಳಿ, ಮಲೆನಾಡಿನ ಹಂಚಿನ ಮನೆಗಳಲ್ಲಿ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ. ಮಾಡಿನ, ಅಂದರೆ ಮನೆಯ ಚಾವಣಿಯ ತುಂಬಾ ಹಲಸಿನ ಎಲೆ, ಅಡಿಕೆ ಸೋಗೆಯ ಚೂರು, ಕಳೆದ ಮಳೆಗಾಲದ ಪಾಚಿ. ಇದೆಲ್ಲ ಎರಡು ಮಾಡು ಕೂಡುವ ಮೂಲೆಯಲ್ಲಿ ಕಟ್ಟಿಕೊಂಡರೆ ಜೂನ್‌ನಲ್ಲಿ ನೀರು ನೇರ ಅಡುಗೆಮನೆಗೆ ಇಳಿಯುತ್ತದೆ. ಹಾಗಾಗಿ ಏಣಿ ಹೊರಗೆ ಬರುತ್ತದೆ.

‘ಹತ್ತಡಿ ಏನು ಮಹಾ ಎತ್ತರ’ ಅನ್ನುವವರು ಇದ್ದಾರೆ. ಲೆಕ್ಕ ಹಾಕಿ ನೋಡಿ. 10 ಅಡಿಯಿಂದ ಬಿದ್ದವರು ನೆಲ ಮುಟ್ಟಲು ಮುಕ್ಕಾಲು ಸೆಕೆಂಡಿಗಿಂತ ತುಸು ಜಾಸ್ತಿ ಹೊತ್ತು ಸಾಕು. ಅಷ್ಟರಲ್ಲಿ ವೇಗ ಗಂಟೆಗೆ ಸುಮಾರು 28 ಕಿ.ಮೀ. ಆಗಿರುತ್ತದೆ. ಏನನ್ನಾದರೂ ಹಿಡಿಯೋಣ ಅನ್ನುವಷ್ಟರಲ್ಲಿ ಅಂಗಳ ಬಂದಿರುತ್ತದೆ.

ಹತ್ತದೇ ಆಗುತ್ತದಾ?

ಮೊದಲ ಹೆಜ್ಜೆ ಏಣಿಯದ್ದಲ್ಲ, ಈ ಪ್ರಶ್ನೆಯದ್ದು. ಬಿದಿರಿನ ಗಳುವಿನ ತುದಿಗೆ ಹಿಡಿಸೂಡಿ ಬಿಗಿದು ಕಟ್ಟಿದರೆ ತಗ್ಗಿನ ಮಾಡಿನ ಕಸ ನೆಲದಲ್ಲಿ ನಿಂತೇ ಎಳೆಯಬಹುದು. ಒಡೆದ ಹಂಚು ಬದಲಿಸಲಂತೂ ಮೇಲೆ ಹೋಗುವ ಅಗತ್ಯವೇ ಇಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಯಿತಲ್ಲ, ಅಂದಿನಿಂದ ಬಂದ ಈ ಹಂಚಿನ ಗುಣವೇ ಅದು. ಹಿಂಭಾಗದ ಹಲ್ಲು ರೀಪಿಗೆ, ಅಂದರೆ ಹಂಚಿನಡಿಯ ಮರದ ಅಡ್ಡಪಟ್ಟಿಗೆ ಸಿಕ್ಕಿಕೊಂಡು ಕೂರುತ್ತದೆ. ಸಾಮಾನ್ಯವಾಗಿ ಮೊಳೆ ಇರುವುದಿಲ್ಲ. ಅಟ್ಟದ ಮೇಲೆ ನಿಂತು ಒಳಗಿನಿಂದಲೇ ಹಂಚನ್ನು ಎತ್ತಿ ಸರಿಸಿ, ಹೊಸದನ್ನು ಕೂರಿಸಬಹುದು. ಒಂದೆರಡು ಹಂಚು ತೆಗೆದ ಆ ಕಿಂಡಿಯಿಂದ ಕೈ ಹೊರಹಾಕಿ ಸುತ್ತಲಿನ ಕಸವನ್ನೂ ತಳ್ಳಬಹುದು. ನಮ್ಮ ಮನೆಯಲ್ಲಿ ಈಗ ಅರ್ಧ ಕೆಲಸ ಹೀಗೇ ಮುಗಿಯುತ್ತದೆ.

ಮೊಳೆ ಇಲ್ಲ ಅನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಕಾಲಿಟ್ಟರೆ ಹಂಚು ಅಲುಗುತ್ತದೆ, ಹಳೆಯದಾದರೆ ಲಟಕ್ ಅಂತ ಮುರಿಯುತ್ತದೆ.

ಹತ್ತಲೇಬೇಕಾದರೆ

ಹಿಂದಿನ ದಿನ ಸಂಜೆ ಒಂದು ಸುತ್ತು ಹಾಕಿ. ಸೂರಿನ ಅಡಿಯಲ್ಲಿ ಕಡಜದ ಗೂಡು ಇದೆಯಾ? ಏಣಿಯ ತುದಿಯಲ್ಲಿ ನಿಂತವರಿಗೆ ಕಡಜ ಕಚ್ಚಿದರೆ ಎರಡೂ ಕೈ ಮುಖಕ್ಕೆ ಹೋಗುತ್ತದೆ. ಆಮೇಲೆ ಹೇಳುವುದೇ ಬೇಡ. ಅಟ್ಟಕ್ಕೆ ಹೋಗಿ ಒಳಗಿನಿಂದಲೂ ನೋಡಿ. ಗೆದ್ದಲು ತಿಂದ ಪಕಾಸು (ರೀಪನ್ನು ಹೊರುವ ಓರೆ ಮರ), ಲಡ್ಡಾದ ರೀಪು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಗಾಜಿನ ಹಂಚು ಎಲ್ಲಿದೆ ಅನ್ನುವುದನ್ನೂ.

ಗಾಜಿನ ಹಂಚಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಪಾಚಿ ಕಟ್ಟಿದ ಮೇಲೆ ಅದು ಮಣ್ಣಿನ ಹಂಚಿನ ಹಾಗೇ ಕಾಣುತ್ತದೆ. ಪಿಯುಸಿ ಮುಗಿದ ವರ್ಷ ನಮ್ಮ ದನದ ಹಟ್ಟಿಯ ಮಾಡಿನಲ್ಲಿ ನಾನು ಅದರ ಮೇಲೇ ಕಾಲಿಟ್ಟೆ. ಬಲಗಾಲು ತೊಡೆಯ ತನಕ ಒಳಗೆ, ಎಡಗಾಲು ಹೊರಗೆ. ಕೆಳಗೆ ಎಮ್ಮೆ ತಲೆ ಎತ್ತಿ ನನ್ನ ಪಾದ ನೋಡುತ್ತಿತ್ತಂತೆ. ಮನೆಯವರು ಇವತ್ತಿಗೂ ನಗುತ್ತಾರೆ. ತೊಡೆಯ ಮೇಲಿನ ಹನ್ನೊಂದು ಹೊಲಿಗೆಯ ಗುರುತು ಮಾತ್ರ ನನ್ನ ಹತ್ತಿರ ಇದೆ. ಈಗ ಒಳಗಿನಿಂದ ಬೆಳಕು ಕಂಡ ಕಡೆಯೆಲ್ಲ ಒಂದು ಕೋಲು ತೂರಿಸಿ ಕೆಂಪು ಬಟ್ಟೆ ಕಟ್ಟುತ್ತೇವೆ.

ಹೊತ್ತು ಬೆಳಿಗ್ಗೆಯದೇ ಇರಲಿ, ಆದರೆ ಇಬ್ಬನಿ ಪೂರ್ತಿ ಆರಿದ ಮೇಲೆ. ಹಸಿ ಪಾಚಿ ಎಣ್ಣೆ ಹಚ್ಚಿದ ಹಾಗೆ. ಹನ್ನೊಂದು ಗಂಟೆ ದಾಟಿದರೆ ಹಂಚು ಕಾದು ತಲೆ ಸುತ್ತುತ್ತದೆ. ಒಬ್ಬರೇ ಇದ್ದಾಗ ಹತ್ತಬೇಡಿ. ತಲೆಸುತ್ತು ಇರುವವರು, ಮಂಪರು ಬರಿಸುವ ಮಾತ್ರೆ ತಗೊಂಡವರು, ‘ಸ್ವಲ್ಪ’ ಹಾಕಿಕೊಂಡವರು ಕೆಳಗೇ ಇರಲಿ.

ಏಣಿ ಮತ್ತು ಕರೆಂಟು

ಏಣಿಗೆ ಒಂದು ಸುಲಭ ಲೆಕ್ಕ ಇದೆ: ನಾಲ್ಕಕ್ಕೆ ಒಂದು. ಸೂರು 12 ಅಡಿ ಎತ್ತರದಲ್ಲಿದ್ದರೆ ಏಣಿಯ ಬುಡ ಸೂರಿನ ನೇರಕ್ಕಿಂತ 3 ಅಡಿ ಹೊರಗೆ. ಜಾಸ್ತಿ ನೆಟ್ಟಗಿಟ್ಟರೆ ಹಿಂದಕ್ಕೆ ಮಗುಚುತ್ತದೆ, ಜಾಸ್ತಿ ಓರೆ ಇಟ್ಟರೆ ಬುಡ ಜಾರುತ್ತದೆ. ತುದಿ ಸೂರಿಗಿಂತ 3 ಅಡಿ ಮೇಲಕ್ಕೆ ಚಾಚಿರಲಿ. ಮಾಡಿಗೆ ಕಾಲಿಡುವಾಗ ಹಿಡಿಯಲು ಬೇಕಾಗುವುದೇ ಆ ಮೂರಡಿ. ಸಗಣಿ ಸಾರಿಸಿದ ಅಂಗಳದಲ್ಲಿ ಬುಡಕ್ಕೆ ಸಣ್ಣ ಗುಂಡಿ ತೋಡಿ. ಮೊದಲ ಸಲ ಹತ್ತುವಾಗ ಕೆಳಗೊಬ್ಬರು ಒತ್ತಿ ಹಿಡಿದಿರಲಿ. ಹತ್ತಿದ ಕೂಡಲೇ ತುದಿಯನ್ನು ಪಕಾಸಿಗೆ ಕಟ್ಟಿ. ಹಂಚಿಗೆ ಸುಮ್ನೆ ಒರಗಿಸಿ ಬಿಡಬೇಡಿ.

ಕಂಬದಿಂದ ಮನೆಗೆ ಬರುವ ವೈರು ಮಾಡಿನ ಹತ್ತಿರ ಹಾದುಹೋಗಿದ್ದರೆ ಆ ಬದಿಯ ಕೆಲಸಕ್ಕೆ ಲೈನ್‌ಮ್ಯಾನ್‌ಗೆ ಹೇಳಿ ಲೈನ್ ತೆಗೆಸಬೇಕು. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಹೊರಗಿನ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅದು ಮೀಟರಿನ ಆಚೆಯದು. ಅಲ್ಯೂಮಿನಿಯಂ ಏಣಿ ಮಾತ್ರವಲ್ಲ, ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ.

ಹಗ್ಗ: ಹಸು ಕಟ್ಟಿದ ಹಾಗೆ

ಗದ್ದೆಯ ಬದುವಿನಲ್ಲಿ ಹಸು ಕಟ್ಟುವಾಗ ನೀವೇನು ಮಾಡುತ್ತೀರಿ? ಬಾಯಿ ಪೈರಿಗೆ ತಲುಪದಷ್ಟೇ ಹಗ್ಗ ಬಿಡುತ್ತೀರಿ, ಅಲ್ವಾ? ಮಾಡಿನ ಮೇಲೂ ಅಷ್ಟೇ. ಬಿದ್ದವರನ್ನು ಹಗ್ಗ ಹಿಡಿದು ನಿಲ್ಲಿಸಲಿ ಅನ್ನುವುದು ಎರಡನೆಯ ಮಾತು. ಸೂರಿನ ಅಂಚಿಗೆ ಹೋಗಲಿಕ್ಕೇ ಬಿಡದಷ್ಟು ಹಗ್ಗ ಗಿಡ್ಡ ಇರಬೇಕು, ಅದು ಮೊದಲನೆಯದು.

ಕಟ್ಟುವ ಕ್ರಮ ಹೀಗೆ. ಹಗ್ಗವನ್ನು ಮಾಡಿನ ನೆತ್ತಿ ದಾಟಿಸಿ ಆಚೆ ಬದಿಗೆ ಎಸೆಯಿರಿ. ತುದಿಗೆ ಮಣ್ಣು ತುಂಬಿದ ಚೀಲ ಕಟ್ಟಿದರೆ ಎಸೆಯಲು ಸುಲಭ. ಆಚೆ ಬದಿಯಲ್ಲಿ ದಪ್ಪ ಹಸಿ ಮರದ ಬುಡಕ್ಕೆ ಬಿಗಿಯಿರಿ. ಜೀಪಿಗೋ ಬೈಕಿಗೋ ಕಟ್ಟಬೇಡಿ. ಯಾರಾದರೂ ಕೀ ತಗೊಂಡು ಪೇಟೆಗೆ ಹೊರಟರೆ ಮುಗೀತು. ನೆತ್ತಿಯಲ್ಲಿ ಹಗ್ಗ ಉಜ್ಜುವ ಜಾಗಕ್ಕೆ ಗೋಣಿಚೀಲ ಮಡಚಿ ಇಡಿ. ಹಗ್ಗ ಈ ಕೆಲಸಕ್ಕೆಂದೇ ಬರುವ ಸೇಫ್ಟಿ ಹಗ್ಗವಾಗಿರಲಿ. ಬಾವಿಯದ್ದು, ದನದ್ದು, ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕಿನದ್ದು ಬೇಡ.

ಸೊಂಟಕ್ಕೆ ಸುತ್ತಿಕೊಂಡ ಹಗ್ಗ ಬಿದ್ದಾಗ ಪಕ್ಕೆಲುಬಿಗೆ ಏರಿ ಉಸಿರು ಕಟ್ಟಿಸುತ್ತದೆ. ಬೇಕಿರುವುದು ಎರಡು ತೊಡೆ, ಎರಡು ಭುಜಕ್ಕೂ ಪಟ್ಟಿ ಬರುವ ಫುಲ್ ಬಾಡಿ ಹಾರ್ನೆಸ್. ಕೊಳ್ಳುವಾಗ ಐಎಸ್ 3521 ಗುರುತು ನೋಡಿ. ಜೊತೆಗೆ ‘ರೋಪ್ ಗ್ರ್ಯಾಬ್’ ಅನ್ನುವ ಹಿಡಿಕೆ ಬೇಕು. ಅದು ಹಗ್ಗದ ಮೇಲೆ ಮೇಲಕ್ಕೆ ಸರಿಯುತ್ತದೆ, ಕೆಳಕ್ಕೆ ಜಗ್ಗಿದರೆ ಕಚ್ಚಿ ನಿಲ್ಲುತ್ತದೆ. ಏಣಿಯ ತುದಿಯಲ್ಲಿರುವಾಗಲೇ ಅದನ್ನು ಸಿಕ್ಕಿಸಿ, ಆಮೇಲೆ ಮಾಡಿಗೆ ಕಾಲಿಡಿ. ಮೇಲೆ ಹೋದ ಮೇಲೆ ಹಿಡಿಕೆಯ ಕೆಳಗೆ ಹಗ್ಗಕ್ಕೊಂದು ದಪ್ಪ ಗಂಟು ಹಾಕಿ. ಹಿಡಿಕೆ ಆ ಗಂಟು ದಾಟುವುದಿಲ್ಲ. ಅಲ್ಲಿಂದ ಮೈಗೆ ಬರುವ ತುಂಡು ಹಗ್ಗವನ್ನೂ ಲೆಕ್ಕಕ್ಕೆ ಹಿಡಿದು, ಸೂರಿಗೆ ಮೂರಡಿ ಮೊದಲೇ ನೀವು ನಿಲ್ಲುವ ಹಾಗೆ ಗಂಟಿನ ಜಾಗ ನೋಡಿಕೊಳ್ಳಿ. ಆ ಕೊನೆಯ ಮೂರಡಿಯ ಕಸ ಆಮೇಲೆ ಕೆಳಗಿನಿಂದ ಗಳುವಿನಲ್ಲಿ ತೆಗೆದರಾಯಿತು.

ಒಂದೇ ಕಡೆ ಕಟ್ಟಿಕೊಂಡು ಉದ್ದಕ್ಕೂ ಸರಿಯುತ್ತ ಹೋಗಬೇಡಿ. ಹಗ್ಗ ಓರೆಯಾದಾಗ ಜಾರಿದರೆ ಗಡಿಯಾರದ ಲೋಲಕದ ಹಾಗೆ ತೂಗಿಕೊಂಡು ಅಂಚಿಗೇ ಬರುತ್ತೀರಿ. ಒಂದು ಪಟ್ಟಿ ಮುಗಿಸಿ, ಇಳಿದು, ಹಗ್ಗವನ್ನೂ ಏಣಿಯನ್ನೂ ಸರಿಸಿ.

ಮೇಲೆ ಹೋದ ಮೇಲೆ

ಹಂಚಿನ ಮೇಲೆ ನಡೆಯುವ ಬದಲು ಹಗುರ ಬಿದಿರಿನ ಏಣಿಯೊಂದನ್ನು ಮಾಡಿನ ಮೇಲೆ ಮಲಗಿಸಿ, ಅದನ್ನೂ ನೆತ್ತಿಯಾಚೆಗೆ ಹಗ್ಗ ಹಾಕಿ ಕಟ್ಟಿ. ಮೈಭಾರ ಹತ್ತಾರು ಹಂಚಿಗೆ ಹಂಚಿಹೋಗುತ್ತದೆ. ಕೂತು ಗುಡಿಸಿ. ಪೊರಕೆಯನ್ನು ನಿಮ್ಮಿಂದ ಆಚೆಗೆ ತಳ್ಳಿ, ಎಳೆಯಬೇಡಿ. ಹವಾಯಿ ಚಪ್ಪಲಿ ಬೇಡ, ಮೆತ್ತನೆ ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಸಾಕು. ನೀರು ಚಿಮ್ಮಿಸುವ ಪ್ರೆಶರ್ ವಾಷರ್ ಮಾಡಿನ ಮೇಲಕ್ಕೆ ತರಲೇಬೇಡಿ. ಅದು ಹಿಂದಕ್ಕೆ ಒದೆಯುತ್ತದೆ, ಒಣಗಿದ್ದ ಪಾಚಿಯನ್ನೂ ಜಾರುವ ಹಾಗೆ ಮಾಡುತ್ತದೆ.

ಹಟ್ಟಿ, ಸೌದೆ ಕೊಟ್ಟಿಗೆಯ ಸಿಮೆಂಟ್ ಶೀಟಿಗೆ ಇಷ್ಟೂ ಮಾತು ಸಾಲದು. ನೋಡಲು ಗಟ್ಟಿ, ಆದರೆ ತಿಳಿಸದೇ ಮುರಿಯುತ್ತದೆ. ಅದರ ಮೇಲೆ ಹತ್ತಬೇಡಿ, ಅಷ್ಟೇ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಒಣಗಿದ್ದಾಗ ಕೆರೆದರೆ ಎದೆಗೂ ಕೆಟ್ಟದು.

ಕೆಲಸಕ್ಕೆ ಜನ ಕರೆದರೆ ಗುತ್ತಿಗೆಗೆ ಕೊಡಬೇಡಿ, ದಿನಗೂಲಿ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಗುತ್ತಿಗೆ ಅಂದರೆ ಅವಸರ. ‘ಮೂವತ್ತು ವರ್ಷದಿಂದ ಹತ್ತುತ್ತಿದ್ದೇನೆ ಮಾರಾಯ್ರೇ, ನನಗೆ ಹಗ್ಗ ಯಾಕೆ?’ ಅನ್ನುತ್ತಾರೆ. ಹಾರ್ನೆಸ್ ಹಾಕದಿದ್ದರೆ ಇವತ್ತು ಕೆಲಸ ಇಲ್ಲ, ಚಾ ಕುಡಿದು ಹೋಗಿ ಅಂತ ನಗುನಗುತ್ತಲೇ ಹೇಳಿದರಾಯಿತು. ನಮ್ಮಲ್ಲಿ ಎರಡನೇ ವರ್ಷಕ್ಕೆ ಅವರೇ ಕೇಳಿ ಹಾಕಿಕೊಂಡರು.

ಆದರೂ ಬಿದ್ದರೆ

ಹಾರ್ನೆಸ್‌ನಲ್ಲಿ ನೇತಾಡುತ್ತಿದ್ದರೆ ಅದೂ ತುರ್ತೇ. ಅಲುಗದೆ ತೂಗಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಕಾಲು ಆಡಿಸುತ್ತಿರಲು ಹೇಳಿ, ಕೆಲವೇ ನಿಮಿಷದಲ್ಲಿ ಏಣಿ ಇಟ್ಟು ಇಳಿಸಿ. ನೆಲಕ್ಕೆ ಬಿದ್ದಿದ್ದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ, ಆಟೊದಲ್ಲಿ ಮಡಚಿ ಹಾಕಬೇಡಿ. ತಲೆ, ಕತ್ತು ಅಲುಗದ ಹಾಗೆ ಹಿಡಿದು 108ಕ್ಕೆ ಫೋನ್ ಮಾಡಿ. ‘ಏನೂ ಆಗಿಲ್ಲ’ ಅಂತ ಎದ್ದು ನಡೆದರೂ ತಲೆಗೆ ಪೆಟ್ಟಾಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಕೆಲಸ ಮುಗಿದ ಕೂಡಲೇ ಏಣಿ ಬಿಚ್ಚಿ ಅಡ್ಡ ಮಲಗಿಸಿ. ಊಟ ಮುಗಿಸಿ ಬಂದು ತೆಗೆದರಾಯಿತು ಅನ್ನಬೇಡಿ. ಬೇಸಿಗೆ ರಜೆ, ಮನೆ ತುಂಬಾ ಮಕ್ಕಳು. ಮಾಡಿನ ಮೇಲಕ್ಕೆ ಬಾಗಿದ ಮಾವಿನ ಗೆಲ್ಲು ಅವರ ಕಣ್ಣಿಗೆ ಆಗಲೇ ಬಿದ್ದಿರುತ್ತದೆ.